ಯಕ್ಷಗಾನ ಶಿಕ್ಷಣ: ಚೌಕಿಯಿಂದ ತರಗತಿಗೆ

ಕುಂದಾಪುರ ತಾಲ್ಲೂಕಿನ ತೆಕ್ಕಟ್ಟೆಯಿಂದ ದಕ್ಷಿಣಕ್ಕೆ ಕೋಟ, ಸಾಲಿಗ್ರಾಮ, ಬ್ರಹ್ಮಾವರಗಳವರೆಗಿನ ಕರಾವಳಿ ಪಟ್ಟಿ ಬಡಗುತಿಟ್ಟು ಯಕ್ಷಗಾನದ ನೆಲೆವೀಡು. ರಂಗಭೂಮಿಯನ್ನೇ ವೃತ್ತಿಯಾಗಿ ಸ್ವೀಕರಿಸಬಯಸುವ ಇಲ್ಲಿನ ತರುಣರಿಗೆ ಬಹುಕಾಲ ಇದ್ದ ಪಾಠಶಾಲೆ ಒಂದೇ: ವೃತ್ತಿಮೇಳ. ಕಳೆದ ಅರ್ಧ ಶತಮಾನದಲ್ಲಿ ಅದರ ಜತೆಗೆ ತರಬೇತಿ ಕೇಂದ್ರವೂ ಬಂದಿದೆ.

ಮೇಳದ ಕ್ರಮ

ಮೇಳದಲ್ಲಿ ಲಿಖಿತ ಪಠ್ಯಕ್ರಮವಿರಲಿಲ್ಲ, ಆದರೆ ಮೆಟ್ಟಿಲುಗಳಿದ್ದವು. ಹೊಸಬನು ಪೂರ್ವರಂಗದ ಕೋಡಂಗಿ, ಬಾಲಗೋಪಾಲ ವೇಷಗಳಿಂದ ಆರಂಭಿಸಿ, ಪೀಠಿಕಾ ಸ್ತ್ರೀವೇಷವನ್ನು ದಾಟಿ, ಕ್ರಮೇಣ ಪ್ರಸಂಗದ ಪಾತ್ರಗಳಿಗೆ ಏರುತ್ತಿದ್ದನು. ಮುಖವರ್ಣಿಕೆ ಬರೆದುಕೊಳ್ಳುವುದು, ಮುಂಡಾಸು ಕಟ್ಟುವುದು ಇವೆಲ್ಲ ಚೌಕಿಯಲ್ಲಿ ಹಿರಿಯರನ್ನು ನೋಡಿಯೇ ಕಲಿಯಬೇಕಾದ ವಿದ್ಯೆಗಳು. ಹಾರಾಡಿ, ಮಟಪಾಡಿ ಎಂದು ಬ್ರಹ್ಮಾವರ ಸಮೀಪದ ಊರುಗಳ ಹೆಸರಿನಲ್ಲೇ ಗುರುತಿಸಲಾಗುವ ನೃತ್ಯಶೈಲಿಗಳು ಹೀಗೆ ಹಬ್ಬಿದವು. ಆದರೆ ಕಲಿಕೆಯು ಹಿರಿಯರ ಮರ್ಜಿಯನ್ನು ಅವಲಂಬಿಸಿತ್ತು. ಕಲಿಸದೆ ಕಲಾವಿದನು ತೀರಿಕೊಂಡರೆ ಅವನ ಹೆಜ್ಜೆಯೂ ಅವನೊಡನೆ ಅಳಿಯುತ್ತಿತ್ತು.

ಕೇಂದ್ರದ ಸ್ಥಾಪನೆ

ಈ ಕೊರತೆಗೆ ಉತ್ತರವಾಗಿ 1971ರಲ್ಲಿ ಉಡುಪಿಯಲ್ಲಿ ಯಕ್ಷಗಾನ ಕೇಂದ್ರ ಆರಂಭಗೊಂಡಿತು. ಎಂ.ಜಿ.ಎಂ. ಕಾಲೇಜಿನ ಪ್ರಾಂಶುಪಾಲರಾಗಿದ್ದ ಪ್ರೊ. ಕು.ಶಿ. ಹರಿದಾಸ ಭಟ್ಟರ ಮುತುವರ್ಜಿ ಹಾಗೂ ಕೋಟದಲ್ಲಿ ಜನಿಸಿದ ಡಾ. ಶಿವರಾಮ ಕಾರಂತರ ಮಾರ್ಗದರ್ಶನ ಇದಕ್ಕೆ ದೊರೆಯಿತು. ಕಾರಂತರ ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತ್ತು. ಭಾಗವತಿಕೆಗೆ ನೀಲಾವರ ರಾಮಕೃಷ್ಣಯ್ಯ, ನೃತ್ಯಕ್ಕೆ ಮಟಪಾಡಿ ವೀರಭದ್ರ ನಾಯಕ್, ಮದ್ದಳೆಗೆ ಹಿರಿಯಡ್ಕ ಗೋಪಾಲ ರಾವ್ ಹೀಗೆ ಮೇಳದ ಅನುಭವಿಗಳೇ ಗುರುಗಳಾದರು. ತಾಳ, ಹೆಜ್ಜೆ, ಬಣ್ಣಗಾರಿಕೆಗಳ ಪಾಠ ಗುರುಕುಲ ಮಾದರಿಯಲ್ಲಿ ನಡೆಯಿತು. ನಂತರದ ತಲೆಮಾರಿನಲ್ಲಿ ಬನ್ನಂಜೆ ಸಂಜೀವ ಸುವರ್ಣ ಈ ಪರಂಪರೆಯನ್ನು ಮುಂದುವರಿಸಿದರು. ಕೇಂದ್ರವು ಇಂದು ಮಣಿಪಾಲದ ಮಾಹೆ ವಿಶ್ವವಿದ್ಯಾಲಯದ ಆಶ್ರಯದಲ್ಲಿದೆ. ಎಳೆಯರಿಗಾಗಿ ಸಾಲಿಗ್ರಾಮ ಮಕ್ಕಳ ಮೇಳವು 1970ರ ದಶಕದಲ್ಲೇ ಹುಟ್ಟಿಕೊಂಡಿತು.

ನಾಟಕ ಶಾಲೆಯ ನಂಟು

1959ರಲ್ಲಿ ದೆಹಲಿಯಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ನಾಟಕ ಶಾಲೆಯು ನಟನೆ, ನಿರ್ದೇಶನ, ರಂಗಸಜ್ಜಿಕೆಗಳನ್ನು ಮೂರು ವರ್ಷಗಳ ವ್ಯಾಸಂಗವಾಗಿ ರೂಪಿಸಿತು. ಅದರ ಪದವೀಧರರೂ ಕರಾವಳಿಯವರೂ ಆದ ಬಿ.ವಿ. ಕಾರಂತರು 1977ರಿಂದ 1981ರವರೆಗೆ ಶಾಲೆಯ ನಿರ್ದೇಶಕರಾಗಿದ್ದರು. 1979ರಲ್ಲಿ ಅವರು ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕವನ್ನು ‘ಬರ್ನಮ್ ವನ’ ಎಂಬ ಹೆಸರಿನಲ್ಲಿ ಯಕ್ಷಗಾನ ಶೈಲಿಯಿಂದ ಪ್ರೇರಿತವಾಗಿ ಹಿಂದಿಯಲ್ಲಿ ರಂಗಕ್ಕೆ ತಂದರು. 1980ರಲ್ಲಿ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ ಆರಂಭವಾದ ಮೇಲೆ ಕನ್ನಡದಲ್ಲಿಯೇ ಇಂತಹ ಶಿಕ್ಷಣ ಪಡೆಯುವ ದಾರಿ ತೆರೆಯಿತು.

ಉಳಿದಿರುವ ಪ್ರಶ್ನೆ

ತರಗತಿಯು ಹೆಜ್ಜೆಯನ್ನು ಉಳಿಸಿದೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಬಡಗುತಿಟ್ಟಿನ ಇನ್ನೊಂದು ಅರ್ಧ ಅರ್ಥಗಾರಿಕೆ. ಭಾಗವತರು ಹಾಡುವ ಪದ್ಯ ಲಿಖಿತ. ಅದಕ್ಕೆ ಕಲಾವಿದನು ಹೇಳುವ ಮಾತು ಆಶುರಚನೆ. ಎದುರು ಪಾತ್ರಧಾರಿಯ ವಾದಕ್ಕೆ ತಕ್ಷಣ ಉತ್ತರ ಕೊಡುವ ಈ ಸಾಮರ್ಥ್ಯವೂ, ಇಡೀ ರಾತ್ರಿ ದಣಿಯದೆ ನಿಲ್ಲುವ ತ್ರಾಣವೂ ನವೆಂಬರಿನಿಂದ ಮೇವರೆಗಿನ ತಿರುಗಾಟದಲ್ಲೇ ಹದಗೊಳ್ಳುತ್ತವೆ. ಶಿವರಾಮ ಕಾರಂತರು ಮಾತನ್ನು ಬದಿಗಿರಿಸಿ ರೂಪಿಸಿದ ಯಕ್ಷಗಾನ ಬ್ಯಾಲೆಗಳ ಬಗ್ಗೆ ಸಂಪ್ರದಾಯವಾದಿಗಳು ಎತ್ತಿದ ಆಕ್ಷೇಪದ ತಿರುಳೂ ಇದೇ. ಆದ್ದರಿಂದ ಕೇಂದ್ರದ ಪಾಠ ಮುಗಿಸಿದವನಿಗೂ ಮೇಳದ ಅನುಭವ ಅನಿವಾರ್ಯ. ಕಾಲಮಿತಿ ಪ್ರಯೋಗಗಳು ಹೆಚ್ಚಿರುವ ಈ ದಿನಗಳಲ್ಲಿ ಆ ಅವಕಾಶ ಕಿರಿದಾಗುತ್ತಿರುವುದೇ ಶಿಕ್ಷಣದ ಮುಂದಿರುವ ನಿಜವಾದ ಸವಾಲು.