ಥರ್ಮಿಕ್ ಆಯಿಲ್ ಹೀಟರ್: ಮೇಲೊಂದು, ಕೆಳಗೊಂದು ಟ್ಯಾಂಕ್ ಯಾಕೆ ಬೇಕು?

ಪ್ಲೈವುಡ್ ಫ್ಯಾಕ್ಟರಿ, ಬಟ್ಟೆಗೆ ಬಣ್ಣ ಹಾಕುವ ಘಟಕ, ರಸ್ತೆ ಕೆಲಸಕ್ಕೆ ಡಾಂಬರ್ ಕಾಯಿಸುವ ಪ್ಲಾಂಟ್. ಇಂಥ ಕಡೆ ಚಿಮಣಿ ಕಂಡ ಕೂಡಲೇ ಜನ ‘ಬಾಯ್ಲರ್’ ಅಂತಾರೆ. ಆದ್ರೆ ಹಲವು ಕಡೆ ಒಳಗಿರುವುದು ಬಾಯ್ಲರ್ ಅಲ್ಲ, ಥರ್ಮಿಕ್ ಆಯಿಲ್ ಹೀಟರ್. ಇದರಲ್ಲಿ ಕಾಯುವುದು ನೀರಲ್ಲ, ಎಣ್ಣೆ. ಈ ಹೀಟರ್ ಜೊತೆ ಎರಡು ಟ್ಯಾಂಕ್ ಇರುತ್ತವೆ. ನೋಡೋಕೆ ಸುಮ್ಮನೆ ಇಟ್ಟಂತೆ ಕಂಡರೂ ಕೆಲಸಗಾರರ ಜೀವ ಕಾಯುವುದು ಅವೇ.

ಎಣ್ಣೆಯೇ ಯಾಕೆ?

ನೀರನ್ನು 250 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದಂತೆ ಕಾಯಿಸಬೇಕು ಅಂದ್ರೆ ಸುಮಾರು 40 ಬಾರ್ ಒತ್ತಡ ಬೇಕು. ಥರ್ಮಿಕ್ ಎಣ್ಣೆಗೆ ಅಷ್ಟು ಒತ್ತಡ ಬೇಕಿಲ್ಲ, ಪಂಪ್ ತಳ್ಳುವಷ್ಟು ಸಾಕು. ಒಲೆಯೊಳಗಿನ ಕಾಯಿಲ್‌ನಲ್ಲಿ ಕಾದ ಎಣ್ಣೆ ಪೈಪಿನಲ್ಲಿ ಪ್ರೆಸ್ ಮೆಷಿನ್‌ವರೆಗೆ ಹೋಗಿ, ಬಿಸಿ ಕೊಟ್ಟು, ಮತ್ತೆ ಒಲೆಗೆ ವಾಪಸ್ ಬರುತ್ತೆ. ಒತ್ತಡ ಕಡಿಮೆ, ಅದು ಅನುಕೂಲ. ಆದ್ರೆ ಎಣ್ಣೆ ಉರಿಯುವ ವಸ್ತು, ಅದೇ ಅಪಾಯ.

ಮೇಲಿನ ಟ್ಯಾಂಕ್: ಎಣ್ಣೆ ಹಿಗ್ಗೋಕೆ ಜಾಗ

ಬಿಸಿಯಾದರೆ ಎಣ್ಣೆ ಹಿಗ್ಗುತ್ತೆ. 1,000 ಲೀಟರ್ ಎಣ್ಣೆಯನ್ನು 250 ಡಿಗ್ರಿಗೆ ಕಾಯಿಸಿದರೆ ಹೆಚ್ಚುಕಮ್ಮಿ 150ರಿಂದ 200 ಲೀಟರ್ ಜಾಸ್ತಿಯಾಗುತ್ತೆ, ಅಂದ್ರೆ ಒಂದು ಬ್ಯಾರೆಲ್ ಹತ್ತಿರ. ಅದಕ್ಕೆ ಜಾಗ ಇಲ್ಲದಿದ್ದರೆ ಪೈಪಿನ ಜಾಯಿಂಟ್ ಬಿಟ್ಟುಕೊಳ್ಳುತ್ತೆ. ಹಾಗಾಗಿ ಇಡೀ ಲೈನಿಗಿಂತ ಎತ್ತರದಲ್ಲಿ ಎಕ್ಸ್‌ಪ್ಯಾನ್ಷನ್ ಟ್ಯಾಂಕ್ ಇಡುತ್ತಾರೆ. ತಣ್ಣಗಿರುವಾಗ ಕಾಲು ಭಾಗ, ಬಿಸಿಯಾದಾಗ ಮುಕ್ಕಾಲು ಭಾಗ ತುಂಬಿರಬೇಕು ಅನ್ನುವುದು ರೂಢಿಯ ಲೆಕ್ಕ.

ಈ ಟ್ಯಾಂಕಿನಲ್ಲಿ ಎಣ್ಣೆ ಮಟ್ಟ ಇಳಿದರೆ ಎಲ್ಲೋ ಸೋರಿಕೆ ಇದೆ ಅಂತ ಅರ್ಥ. ಆಗ ಲೆವೆಲ್ ಸ್ವಿಚ್ ಎಚ್ಚರಿಕೆ ಕೊಟ್ಟು ಹೀಟರ್ ನಿಲ್ಲಿಸಬೇಕು. ಉತ್ಪಾದನೆ ನಿಲ್ಲಬಾರದು ಅಂತ ಆ ಸ್ವಿಚ್‌ನ ವೈರ್ ಬೈಪಾಸ್ ಮಾಡಿದರೆ, ಎಣ್ಣೆ ಪೂರ್ತಿ ಹೊರಗೆ ಹೋದರೂ ಒಲೆ ಉರೀತಾನೇ ಇರುತ್ತೆ.

ಕೆಳಗಿನ ಟ್ಯಾಂಕ್: ಖಾಲಿ ಇರುವುದೇ ಕೆಲಸ

ಎಲ್ಲಕ್ಕಿಂತ ತಗ್ಗಿನಲ್ಲಿ ಇರುವುದು ಡಂಪ್ ಟ್ಯಾಂಕ್. ಮೇಲಿನ ಟ್ಯಾಂಕ್ ತುಂಬಿ ಹರಿದರೆ ಎಣ್ಣೆ ಇಲ್ಲಿಗೆ ಬರುತ್ತೆ. ಬೆಂಕಿ ಬಿದ್ದಾಗ ಅಥವಾ ಪೈಪ್ ಒಡೆದಾಗ ವಾಲ್ವ್ ತೆರೆದರೆ ಲೈನಿನ ಎಣ್ಣೆ ನೆಲಕ್ಕೆ ಚೆಲ್ಲದೆ ಇದರೊಳಗೆ ಇಳಿಯುತ್ತೆ. ರಿಪೇರಿ ಸಮಯದಲ್ಲೂ ಇದೇ ಬೇಕು.

ಕರೆಂಟ್ ಹೋದಾಗಲೂ ಈ ವ್ಯವಸ್ಥೆ ಬೇಕು. ಪಂಪ್ ನಿಂತರೂ ಸೌದೆ ಒಲೆ ತಕ್ಷಣ ಆರಲ್ಲ. ಕಾಯಿಲ್‌ನಲ್ಲಿ ನಿಂತ ಎಣ್ಣೆ ವಿಪರೀತ ಕಾದು ಕೆಡುತ್ತೆ, ಒಳಗೆ ಮಸಿ ಕಟ್ಟುತ್ತೆ. ಮಸಿ ಕಟ್ಟಿದ ಕಡೆ ಕೊಳವೆ ಸುಟ್ಟು ತೂತು ಬಿದ್ದರೆ ಎಣ್ಣೆ ನೇರ ಬೆಂಕಿಗೇ ಬೀಳುತ್ತೆ. ಅದಕ್ಕೇ ಪಂಪಿಗೆ ಜನರೇಟರ್ ಬೇಕು. ಕೆಲವು ಕಡೆ ಮೇಲಿನ ಟ್ಯಾಂಕಿನ ತಣ್ಣನೆ ಎಣ್ಣೆ ತಾನಾಗಿ ಕಾಯಿಲ್ ಮೂಲಕ ಹರಿದು ಡಂಪ್ ಟ್ಯಾಂಕಿಗೆ ಇಳಿಯುವಂತೆ ಮಾಡಿರುತ್ತಾರೆ.

ಇದೆಲ್ಲ ನಡೆಯುವುದು ಕೆಳಗಿನ ಟ್ಯಾಂಕಿನಲ್ಲಿ ಜಾಗ ಇದ್ದರೆ ಮಾತ್ರ. ‘ಖಾಲಿ ಬಿದ್ದಿದೆಯಲ್ಲ’ ಅಂತ ಹಳೇ ಎಣ್ಣೆ ತುಂಬಿಟ್ಟರೆ ತುರ್ತು ಹೊತ್ತಿನಲ್ಲಿ ಟ್ಯಾಂಕ್ ಇದ್ದೂ ಇಲ್ಲದಂತೆ.

ನೀರು ಸೇರಿದರೆ ಏನಾಗುತ್ತೆ?

ಒಂದು ಲೀಟರ್ ನೀರು ಹಬೆಯಾದರೆ 1,600 ಪಟ್ಟಿಗೂ ಹೆಚ್ಚು ಹಿಗ್ಗುತ್ತೆ. ಡಂಪ್ ಟ್ಯಾಂಕಿನ ತಳದಲ್ಲಿ ಮಳೆ ನೀರು ನಿಂತಿದ್ದು, ಮೇಲಿಂದ ಕಾದ ಎಣ್ಣೆ ಬಿದ್ದರೆ ಎಣ್ಣೆ ಉಕ್ಕಿ ಹೊರಗೆ ಚಿಮ್ಮುತ್ತೆ. ಹಾಗಾಗಿ ಟ್ಯಾಂಕ್ ಮುಚ್ಚಿರಬೇಕು, ಗಾಳಿ ಹೋಗುವ ಪೈಪಿನ ಬಾಯಿ ಮಳೆ ಬೀಳದಂತೆ ಬಾಗಿರಬೇಕು, ತಳದ ನೀರನ್ನು ಆಗಾಗ ತೆಗೆಯಬೇಕು. ಹೊಸ ಎಣ್ಣೆ ತುಂಬಿದಾಗ ನಿಧಾನಕ್ಕೆ ಕಾಯಿಸಿ ತೇವ ಹೊರಹಾಕುವುದೂ ಇದಕ್ಕೇ.

ಕೆಲಸಗಾರರು ದಿನಾ ನೋಡಬೇಕಾದ್ದು

* ಮೇಲಿನ ಟ್ಯಾಂಕಿನ ಎಣ್ಣೆ ಮಟ್ಟ ಎಷ್ಟಿದೆ?
* ಕೆಳಗಿನ ಟ್ಯಾಂಕ್ ಖಾಲಿ ಇದೆಯಾ? ತಳದಲ್ಲಿ ನೀರಿದೆಯಾ?
* ಡಂಪ್ ವಾಲ್ವ್ ಕೈಯಲ್ಲಿ ತಿರುಗುತ್ತಾ? ಒಲೆಯಿಂದ ದೂರ ನಿಂತು ತೆರೆಯಬಹುದಾ?
* ಪೈಪಿಗೆ ಸುತ್ತಿದ ಗ್ಲಾಸ್ ವೂಲ್ ಎಣ್ಣೆಯಲ್ಲಿ ನೆನೆದಿದೆಯಾ? ಹೊಗೆ ಬರ್ತಿದೆಯಾ? ನೆನೆದ ಗ್ಲಾಸ್ ವೂಲ್ ಒಳಗೊಳಗೇ ಹೊತ್ತಿಕೊಳ್ಳಬಹುದು.

ಅಕ್ಕಪಕ್ಕದವರು ಏನು ಮಾಡಬೇಕು?

ಬೆಂಕಿ ಕಂಡರೆ ಬಿಂದಿಗೆ ಹಿಡಿದು ಓಡಬೇಡಿ. ಕಾದ ಎಣ್ಣೆಗೆ ನೀರು ಹಾಕಿದರೆ ಬೆಂಕಿ ಹರಡುತ್ತೆ. ದೂರ ಸರಿದು 112ಕ್ಕೆ ಅಥವಾ ಅಗ್ನಿಶಾಮಕದ 101ಕ್ಕೆ ಫೋನ್ ಮಾಡಿ, ‘ಎಣ್ಣೆ ಬೆಂಕಿ’ ಅಂತ ಸ್ಪಷ್ಟವಾಗಿ ಹೇಳಿ. ಅದಕ್ಕೆ ಬೇಕಾದ್ದು ಫೋಮ್ ಅಥವಾ ಡ್ರೈ ಪೌಡರ್.

ಹಬೆ ಹುಟ್ಟಿಸದ ಕಾರಣ ಈ ಹೀಟರ್‌ಗಳು ಬಾಯ್ಲರ್ ಕಾನೂನಿನಡಿ ಬರಲ್ಲ. ಹಾಗಂತ ಕೇಳೋರಿಲ್ಲ ಅಂತಲ್ಲ. ಕಾರ್ಖಾನೆಯ ಸುರಕ್ಷತೆ ಬಗ್ಗೆ ದೂರು ಇದ್ದರೆ ರಾಜ್ಯದ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಗೆ ಕೊಡಬಹುದು. ಮನೆಯವರು ಯಾರಾದ್ರೂ ಇಂಥ ಕಡೆ ನೈಟ್ ಶಿಫ್ಟ್ ಮಾಡ್ತಿದ್ದರೆ ಒಂದು ಮಾತು ಕೇಳಿ: ಕೆಳಗಿನ ಟ್ಯಾಂಕ್ ಖಾಲಿ ಇದೆಯಾ?