ಮುನ್ನೂರು ಕೋಟಿ ಅಕ್ಷರಗಳ ಓದು

ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿರುವ ಹುಳಿಮಾವಿನ ಹೆಸರಿನಲ್ಲೇ ವಿಜ್ಞಾನದ ಒಂದು ಪ್ರಶ್ನೆ ಅಡಗಿದೆ. ಒಂದೇ ತೋಟ, ಒಂದೇ ನೀರು. ಆದರೂ ಒಂದು ಮರದ ಹಣ್ಣು ಹುಳಿ, ಪಕ್ಕದ್ದು ಸಿಹಿ. ಏಕೆ? ಉತ್ತರದ ಬಹುಪಾಲು ಜೀವಕೋಶದೊಳಗಿನ ಡಿ.ಎನ್.ಎ.ಯಲ್ಲಿದೆ. ಆ ಬರಹವನ್ನು ಮನುಷ್ಯ ಓದಲು ಕಲಿತ ಕಥೆ ನಿಮ್ಮ ಅಜ್ಜ-ಅಜ್ಜಿಯರ ವಯಸ್ಸಿನಷ್ಟೇ ಹಳೆಯದು.

ಈ ಲಿಪಿಯಲ್ಲಿ ನಾಲ್ಕೇ ಅಕ್ಷರಗಳು: ಎ, ಟಿ, ಜಿ, ಸಿ. ರೊಸಾಲಿಂಡ್ ಫ್ರಾಂಕ್ಲಿನ್ ಅವರ ಕ್ಷ-ಕಿರಣ ಚಿತ್ರಗಳ ನೆರವಿನಿಂದ ವಾಟ್ಸನ್ ಮತ್ತು ಕ್ರಿಕ್ 1953ರಲ್ಲಿ ಅದರ ಜೋಡಿ ಸುರುಳಿಯ ರಚನೆಯನ್ನು ವಿವರಿಸಿದರು. ಅಕ್ಷರಗಳನ್ನು ಸಾಲಾಗಿ ಓದುವ ವಿಧಾನವನ್ನು ಫ್ರೆಡರಿಕ್ ಸ್ಯಾಂಗರ್ 1977ರಲ್ಲಿ ಪ್ರಕಟಿಸಿದರು. ವಿಧಾನ ನಿಖರವಾಗಿತ್ತು, ಆದರೆ ನಿಧಾನ. ಮನುಷ್ಯನ ಸುಮಾರು 300 ಕೋಟಿ ಅಕ್ಷರಗಳನ್ನು ಓದುವ ಯೋಜನೆ 1990ರಲ್ಲಿ ಆರಂಭವಾಗಿ 2003ರಲ್ಲಿ ಮುಗಿಯಿತೆಂದು ಸಾರಲಾಯಿತು. ಬಿಟ್ಟುಹೋಗಿದ್ದ ಭಾಗಗಳು ತುಂಬಿದ್ದು 2022ರಲ್ಲಿ. ಪಾಲುಗೊಂಡ ಆರು ದೇಶಗಳಲ್ಲಿ ಭಾರತ ಇರಲಿಲ್ಲ.

ಮುಂದಿನ ಜಿಗಿತಕ್ಕೆ ಕಾರಣರಾದವರಲ್ಲಿ ಚೆನ್ನೈನಲ್ಲಿ ಹುಟ್ಟಿದ ಶಂಕರ್ ಬಾಲಸುಬ್ರಮಣಿಯನ್ ಒಬ್ಬರು. ಕೇಂಬ್ರಿಜ್‌ನಲ್ಲಿ ಅವರು ಡೇವಿಡ್ ಕ್ಲೆನರ್‌ಮನ್ ಜೊತೆಗೂಡಿ ರೂಪಿಸಿದ ವಿಧಾನ ನಮ್ಮ ಸಂಕಲನ ಕೊಠಡಿಯ ಕೆಲಸವನ್ನು ನೆನಪಿಸುತ್ತದೆ. ಡಿ.ಎನ್.ಎ.ಯನ್ನು ಚೂರುಚೂರು ಮಾಡಿ ಗಾಜಿನ ಫಲಕಕ್ಕೆ ಅಂಟಿಸುತ್ತಾರೆ. ಪ್ರತಿ ಚೂರಿಗೂ ಬಣ್ಣದಿಂದ ಹೊಳೆಯುವ ಅಕ್ಷರಗಳನ್ನು ಒಂದೊಂದಾಗಿ ಜೋಡಿಸುತ್ತಾರೆ. ಪ್ರತಿ ಹಂತದಲ್ಲೂ ಕ್ಯಾಮೆರಾ ಕೋಟಿಗಟ್ಟಲೆ ಚುಕ್ಕೆಗಳನ್ನು ಒಟ್ಟಿಗೆ ಸೆರೆಹಿಡಿಯುತ್ತದೆ. ಕೊನೆಗೆ ಒಂದರ ತುದಿ ಇನ್ನೊಂದರ ಆರಂಭಕ್ಕೆ ಹೊಂದುವುದನ್ನು ನೋಡಿ ಗಣಕಯಂತ್ರ ಚೂರುಗಳನ್ನು ಕೂಡಿಸುತ್ತದೆ. ಹದಿಮೂರು ವರ್ಷಗಳ ಕೆಲಸ ಈಗ ದಿನಗಳಲ್ಲಿ ಮುಗಿಯುತ್ತದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ತಂಡ 2015ರಲ್ಲಿ ನಮ್ಮ ಅಂಗಳದ ತುಳಸಿಯ ಡಿ.ಎನ್.ಎ. ಓದನ್ನು ಪ್ರಕಟಿಸಿತು.

ಬೇರೆ ದೇಶದವರ ಡಿ.ಎನ್.ಎ. ಓದಿದರೆ ನಮಗೆ ಸಾಲದೇ? ಸಾಲದು. ಶಸ್ತ್ರಚಿಕಿತ್ಸೆಯ ವೇಳೆ ಸ್ನಾಯುಗಳನ್ನು ಸಡಿಲಿಸಲು ಕೊಡುವ ಒಂದು ಔಷಧವಿದೆ. ಅದನ್ನು ಒಡೆಯುವ ಕಿಣ್ವದ ಕೊರತೆ ದಕ್ಷಿಣ ಭಾರತದ ವೈಶ್ಯ ಸಮುದಾಯದಲ್ಲಿ ಹೆಚ್ಚು. ಕೊರತೆ ಇರುವವರಿಗೆ ಆ ಔಷಧ ಕೊಟ್ಟರೆ ಬಹಳ ಹೊತ್ತು ಸ್ವಂತವಾಗಿ ಉಸಿರಾಡಲಾಗುವುದಿಲ್ಲ. ವೈದ್ಯರಿಗೆ ಮೊದಲೇ ತಿಳಿದಿದ್ದರೆ ಬೇರೆ ಔಷಧ ಬಳಸುತ್ತಾರೆ. ಇದು ಯಾವ ಸಮುದಾಯದ ಕುಂದೂ ಅಲ್ಲ. ಶತಮಾನಗಳಿಂದ ಒಳಗೊಳಗೇ ಮದುವೆಯಾಗುತ್ತ ಬಂದ ನಮ್ಮ ನಾಡಿನ ಯಾವುದೇ ಗುಂಪಿನಲ್ಲಿ ಇಂಥ ವಿಶೇಷಗಳು ಅಡಗಿರಬಹುದು.

ಇವುಗಳನ್ನು ಹುಡುಕಲೆಂದೇ 2020ರಲ್ಲಿ 'ಜೀನೋಮ್ ಇಂಡಿಯಾ' ಆರಂಭವಾಯಿತು. 20 ಸಂಸ್ಥೆಗಳ ಈ ಕೆಲಸವನ್ನು ಸಂಯೋಜಿಸಿದ್ದು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ. ಹುಳಿಮಾವಿನಿಂದ ಹೊರಟು ನಗರವನ್ನು ದಾಟಿದರೆ ಅದು ಸಿಗುತ್ತದೆ. 10,000 ಭಾರತೀಯರ ಡಿ.ಎನ್.ಎ. ಓದು ಮುಗಿದಿರುವುದನ್ನು 2024ರ ಫೆಬ್ರವರಿಯಲ್ಲಿ ಪ್ರಕಟಿಸಲಾಯಿತು. 2025ರ ಜನವರಿಯಲ್ಲಿ ಆ ಮಾಹಿತಿಯನ್ನು ಸಂಶೋಧಕರಿಗೆ ತೆರೆಯಲಾಯಿತು. ಅದರ ಸಂಗ್ರಹ ಫರೀದಾಬಾದ್‌ನಲ್ಲಿದೆ.

ವಿದ್ಯಾರ್ಥಿ ಮಿತ್ರರೇ, ಒಂದು ಪ್ರಶ್ನೆಯನ್ನು ನಿಮ್ಮ ತರಗತಿಯಲ್ಲಿ ಚರ್ಚಿಸಿ. ಒಬ್ಬರ ರಕ್ತದ ಹನಿಯಲ್ಲಿ ಅವರ ಮಕ್ಕಳ, ಒಡಹುಟ್ಟಿದವರ ಗುಟ್ಟೂ ಇರುತ್ತದೆ. ಹಾಗಿರುವಾಗ ಅದನ್ನು ಓದಲು ಒಪ್ಪಿಗೆ ಕೊಡಬೇಕಾದವರು ಯಾರು?