ಪುಸ್ತಕ ಕೊಳ್ಳೋದಿಲ್ಲ ಅಂದ ತಾಯಂದಿರು

ಕೊಚ್ಚಿ ಅಂದ್ರೆ ನಮಗೆ ಕೇರಳ. ನಾನು ಹೇಳ್ತಿರೋದು ಜಪಾನಿನ ಕೋಚಿ ನಗರದ ಕತೆ. ಅಲ್ಲಿನ ನಾಗಹಾಮಾದಲ್ಲಿ, ನಮ್ಮ ಅಸ್ಪೃಶ್ಯತೆಯಂಥದ್ದನ್ನೇ ಉಂಡ ಬುರಾಕು ಜನರ ಕೇರಿಯಲ್ಲಿ, ತಾಯಂದಿರು ಮೇಷ್ಟ್ರುಗಳ ಜೊತೆ ಕೂತು ಸಂವಿಧಾನ ಓದಿದರು. ಕಡ್ಡಾಯ ಶಿಕ್ಷಣ ಉಚಿತ ಅನ್ನುತ್ತೆ 26ನೇ ವಿಧಿ. ಹಾಗಾದ್ರೆ ಪುಸ್ತಕಕ್ಕೆ ನಾವ್ಯಾಕೆ ದುಡ್ಡು ಕೊಡ್ಬೇಕು? 1961ರಲ್ಲಿ, ಶಾಲೆ ಶುರುವಾಗೋ ಹೊತ್ತಿಗೆ, ಕೊಳ್ಳೋದೇ ಇಲ್ಲ ಅಂತ ಪಟ್ಟು ಹಿಡಿದರು.

ಮಾತು ಟೋಕಿಯೊದ ಸಂಸತ್ತಿಗೂ ಹೋಯಿತು. 1962, 1963ರಲ್ಲಿ ಕಾನೂನುಗಳು ಬಂದವು. 1963ರಲ್ಲಿ ಒಂದನೇ ತರಗತಿಗೆ ಪುಸ್ತಕ ಉಚಿತವಾಯಿತು. 1969ರ ಹೊತ್ತಿಗೆ ಒಂಬತ್ತೂ ತರಗತಿಗಳಿಗೆ. ಆದರೆ ಅದೇ ಕಾನೂನು ಹಲವು ಶಾಲೆಗಳ ಒಂದು ವಲಯಕ್ಕೆ ಒಂದೇ ಪುಸ್ತಕ ಅಂತಲೂ ಮಾಡಿತು. ಯಾವ ಪುಸ್ತಕ ಅನ್ನೋದರಲ್ಲಿ ಪಾಠ ಹೇಳೋ ಮೇಷ್ಟ್ರ ಮಾತು ನಡೆಯದಾಯಿತು. ನನ್ನ ಲೆಕ್ಕದಲ್ಲಿ ಇದು ಸಣ್ಣ ಬೆಲೆಯಲ್ಲ.

1964ರ ಫೆಬ್ರವರಿಯಲ್ಲಿ, ಬೇರೊಂದು ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟ್ ಹೇಳಿತು: ಸಂವಿಧಾನದ 'ಉಚಿತ' ಅಂದ್ರೆ ಬೋಧನಾ ಶುಲ್ಕ ಮಾತ್ರ, ಪುಸ್ತಕ ಅದರಲ್ಲಿ ಸೇರಿಲ್ಲ. ತಾಯಂದಿರ ಓದನ್ನು ನ್ಯಾಯಾಲಯ ಒಪ್ಪಲಿಲ್ಲ, ನೋಡಿ. ಅಷ್ಟರಲ್ಲಿ ಒಂದನೇ ತರಗತಿಯ ಮಕ್ಕಳ ಕೈಗೆ ಪುಸ್ತಕ ಸೇರಿಯಾಗಿತ್ತು. ಇವತ್ತಿಗೂ ಆ ಪುಸ್ತಕಗಳನ್ನು ಕಾಯ್ತಿರೋದು ಸಂವಿಧಾನವಲ್ಲ, ಒಂದು ಸಾದಾ ಕಾನೂನು ಮತ್ತು ಪ್ರತಿವರ್ಷದ ಬಜೆಟ್ಟು. ದುಡ್ಡು ಜನರ ತೆರಿಗೆಯದ್ದು ಅಂತ ಪುಸ್ತಕದ ಹಿಂದಿನ ರಟ್ಟಿನ ಮೇಲೇ ಅಚ್ಚಾಗಿರುತ್ತೆ.